ಅಕ್ಕ ಸೋಮವಾರ ಬರುತ್ತಾಳೆ

ನಾನು ನಾನೇ ಎಂದು ಸಾಬೀತು ಮಾಡಲು ಈವರೆಗೂ ನನ್ನಿಂದ ಆಗಿಲ್ಲ. ರೇಷನ್ ಅಂಗಡಿಯವನು ಒಪ್ಪಿದ್ದಾನೆ. ಬ್ಯಾಂಕಿನವರು ಗೊಣಗುತ್ತಲೇ ಒಪ್ಪಿದ್ದಾರೆ. ಶ್ರೀರಂಗಪಟ್ಟಣದ ನಮ್ಮ ಬೀದಿಯ ನಾಯಿಗಳಂತೂ ನಾನು ತಲೆಗೆ ಸ್ಕಾರ್ಫು ಸುತ್ತಿಕೊಂಡು ಬಂದರೂ ಗುರುತು ಹಿಡಿದು ಬಾಲ ಆಡಿಸುತ್ತವೆ. ಒಪ್ಪದೆ ಇರುವುದು ನನ್ನ ಬ್ಲಾಗು ಮಾತ್ರ.

ಬ್ಲಾಗು ಎಂದರೆ ನೀವು ನಗುತ್ತೀರಿ, ಗೊತ್ತು. ಈ ಕಾಲದಲ್ಲಿ ಎಲ್ಲರೂ ಕ್ಯಾಮೆರಾ ಮುಂದೆ ನಿಂತು ಮಾತಾಡುತ್ತಾರೆ, ಕುಣಿಯುತ್ತಾರೆ. ನಾನು ಮಾತ್ರ ಕೂತು ಬರೆಯುವವಳು. ಕಾಲೇಜಿನ ಲೈಬ್ರರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳಿಗೆ ಜನ ಬರದ ಜಾಗದಲ್ಲಿ ಬಾಗಿಲು ತೆರೆದುಕೊಂಡು ಕೂರುವುದು ಒಂದು ಚಟವಾಗಿಬಿಡುತ್ತದೆ. ಹಾಗೆ ತೆರೆದ ಬ್ಲಾಗಿಗೂ ಯಾರೂ ಬರುತ್ತಿರಲಿಲ್ಲ. ಹೂವು, ಹೊಳೆ, ಮುಂಜಾವು ಎಂದು ಏನೇನೋ ಬರೆದೆ. ಹೊಳೆಯ ಪಕ್ಕದಲ್ಲೇ ಇರುವವರಿಗೆ ಹೊಳೆಯ ವರ್ಣನೆ ಯಾಕೆ ಬೇಕು?

ಜನ ಬಂದದ್ದು ಅಕ್ಕನಿಂದ. ನಮ್ಮಕ್ಕನನ್ನು ಕೊಟ್ಟದ್ದು ದೇವಲಾಪುರದ ಹತ್ತಿರದ ಒಂದು ಹಳ್ಳಿಗೆ. ಎರಡು ಎಮ್ಮೆ, ಒಂದಿಷ್ಟು ಹೊಲ, ಹಾಲಿನ ಡೈರಿಗೆ ಹೋಗಿ ಬರುವ ದಾರಿ, ಇವಿಷ್ಟರಲ್ಲೇ ಅವಳಿಗೆ ಜಗತ್ತಿನ ಸುದ್ದಿಯೆಲ್ಲ ಸಿಗುತ್ತಿತ್ತು. ಭಾನುವಾರ ಫೋನು ಮಾಡಿದರೆ ಹೇಳುತ್ತಲೇ ಇರುವಳು. ಒಂದು ದಿನ ಎಮ್ಮೆ ಒದ್ದು ಹಾಲೆಲ್ಲ ಚೆಲ್ಲಿತಂತೆ. ನಾನು ಅಯ್ಯೋ ಅಂದೆ. "ಇರ್ಲಿ ಬುಡು ಕಣೆ, ಅದುಕ್ಕೂ ಏನ್ ಬ್ಯಾಸ್ರವೋ. ನಾವೂ ಒದೀಬೇಕು ಅಂತ ಎಷ್ಟ್ ಸಲ ಅನ್ಕಂಡಿಲ್ಲ? ಕಾಲ್ ಬರಾಕಿಲ್ಲ ಅಷ್ಟೇಯ" ಅಂದಳು.

ಅದನ್ನು ಹಾಗೆಯೇ ಬರೆದು ಬ್ಲಾಗಿಗೆ ಹಾಕಿದೆ. ಎಲ್ಲೆಲ್ಲಿಂದಲೋ ಓದುಗರು ಬಂದರು. ಅಲ್ಲಿಂದ ಮುಂದೆ ನಾನು ಬರಿಯ ಗುಮಾಸ್ತೆ. ಅವಳು ಹೇಳುವಳು, ನಾನು ಬರೆಯುವೆ. ಮುಂದಿನ ಭಾನುವಾರ ಫೋನೆತ್ತಿದ ಕೂಡಲೇ ಅವಳ ಮೊದಲ ಪ್ರಶ್ನೆ, "ಯಾರ್ಯಾರ್ ಏನೇನಂದ್ರು?" ಓದುಗರ ಮಾತುಗಳನ್ನು ಒಂದೊಂದಾಗಿ ಓದಿ ಹೇಳಬೇಕು. ಪರದೇಶದಲ್ಲಿರುವ ಯಾರೋ ಅವಳ ಉಪ್ಸಾರಿನ ಮಾತು ಓದಿ ಅತ್ತರೆಂದಾಗ ಗಾಬರಿಯಾಗಿ, "ಅಳಂತಾದ್ದು ನಾ ಏನ್ ಯೋಳ್ದೆ? ಖಾರ ಜಾಸ್ತಿಯಾಯ್ತಾ?" ಎಂದು ಕೇಳಿದ್ದಳು.

ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಮೊಬೈಲಿನಲ್ಲೇ ನಾಲ್ಕು ಸಾಲು ಹಾಕಿದೆ: "ಅಕ್ಕ ಹುಷಾರಾಗುತ್ತಿದ್ದಾಳೆ. ಸೋಮವಾರ ಮನೆಗೆ ಬರುತ್ತಾಳೆ. ಆಸ್ಪತ್ರೆಯ ಗಂಜಿಯ ಬಗ್ಗೆ ಅವಳಿಗೆ ಹೇಳುವುದು ಬಹಳ ಇದೆಯಂತೆ. ಕಾಯುತ್ತಿರಿ."

ಭಾನುವಾರ ಬೆಳಿಗ್ಗೆ ಅಕ್ಕ ಹೋಗಿಬಿಟ್ಟಳು.

ಆಮೇಲೆ ಬಹಳ ಕಾಲ ನಾನು ಬ್ಲಾಗಿನ ಕಡೆ ತಲೆ ಹಾಕಲಿಲ್ಲ. ಹಳೆಯ ಮೊಬೈಲು ಕೆಟ್ಟಿತು. ಅದರಲ್ಲಿದ್ದ ನಂಬರಿಗೆ ದುಡ್ಡು ಹಾಕಿಸುವುದನ್ನೂ ಬಿಟ್ಟೆ. ಭಾನುವಾರ ಆ ನಂಬರಿಗೆ ಫೋನು ಮಾಡುತ್ತಿದ್ದವಳೇ ಇಲ್ಲದ ಮೇಲೆ ಅದು ಯಾಕೆ ಅನಿಸಿತ್ತು. ಒಂದು ಮಧ್ಯಾಹ್ನ ಮನಸ್ಸು ಗಟ್ಟಿಮಾಡಿಕೊಂಡು ಲೈಬ್ರರಿಯ ಕಂಪ್ಯೂಟರಿನಲ್ಲಿ ಬ್ಲಾಗು ತೆರೆದೆ. ಕೊನೆಯ ಬರಹದ ಕೆಳಗೆ ಓದುಗರು ಸಾಲುಗಟ್ಟಿ ನಿಂತಿದ್ದರು. "ಅಕ್ಕ ಬಂದರಾ?" "ಗಂಜಿ ಪುರಾಣ ಯಾವಾಗ?" "ಯಾಕೆ ಸುದ್ದಿಯಿಲ್ಲ? ಭಯವಾಗುತ್ತಿದೆ."

ಉತ್ತರ ಬರೆಯಲು ಲಾಗಿನ್ ಆಗಲು ಹೋದೆ. ಪಾಸ್‌ವರ್ಡು ಸರಿಯಾಗಿಯೇ ಇತ್ತು. ಆದರೆ ಇದು ಹೊಸ ಕಂಪ್ಯೂಟರು, ನೀವು ನೀವೇ ಹೌದೋ ಅಲ್ಲವೋ ನೋಡಬೇಕು, ಹಳೆಯ ಮೊಬೈಲಿಗೆ ಓಟಿಪಿ ಕಳಿಸಿದ್ದೇವೆ, ಅದನ್ನು ಇಲ್ಲಿ ಒತ್ತಿ ಎಂದಿತು. ಆ ನಂಬರು ಈಗ ನನ್ನದಲ್ಲ ಎಂದು ಹೇಳಲು ಅಲ್ಲಿ ಜಾಗವಿರಲಿಲ್ಲ. ಸಹಾಯ ಎಂದಿದ್ದ ಕಡೆ ಒತ್ತಿದೆ. ಸಹಾಯ ಕೇಳಲು ಮೊದಲು ಲಾಗಿನ್ ಆಗಿ ಎಂದಿತು.

ಹುಡುಕಿ ಹುಡುಕಿ ಒಂದು ಇಮೇಲ್ ವಿಳಾಸ ಸಿಕ್ಕಿತು. ಇದ್ದುದನ್ನೆಲ್ಲ ಇಂಗ್ಲಿಷಿನಲ್ಲಿ ವಿವರವಾಗಿ ಬರೆದೆ. ಅಕ್ಕ ತೀರಿಕೊಂಡಿದ್ದಾಳೆ, ಓದುಗರು ಕಾಯುತ್ತಿದ್ದಾರೆ, ಒಂದು ಸಾಲು ತಿದ್ದಬೇಕು, ಅಷ್ಟೇ. ಉತ್ತರ ಬಂತು. ನಿಮ್ಮ ದುಃಖದಲ್ಲಿ ಭಾಗಿಗಳಾಗಿದ್ದೇವೆ, ನಿಮ್ಮ ಸಹೋದರಿಯ ಖಾತೆಯನ್ನು ಮುಚ್ಚಲು ಅವರ ಮರಣ ಪ್ರಮಾಣಪತ್ರ ಲಗತ್ತಿಸಿ! ಅಕ್ಕನಿಗೆ ಇದ್ದ ಖಾತೆ ಹಾಲಿನ ಡೈರಿಯಲ್ಲಿ ಮಾತ್ರ. ಖಾತೆ ಅವಳದಲ್ಲ, ನನ್ನದು, ನಾನು ಬದುಕಿದ್ದೇನೆ ಎಂದು ಬರೆದೆ. ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ಭಾವಿಸಿ ದೂರನ್ನು ಮುಕ್ತಾಯ ಮಾಡಿದ್ದೇವೆ ಎಂದು ಬಂತು. ಕೆಳಗೆ ಒಂದು ನಗುವ ಮುಖ, ಒಂದು ಅಳುವ ಮುಖ. ನಮ್ಮ ಸೇವೆ ಹೇಗಿತ್ತು, ಒಂದನ್ನು ಒತ್ತಿ. ಅಳುವ ಮುಖ ಒತ್ತಿದೆ. ಧನ್ಯವಾದ ಹೇಳಿತು.

ಅಕ್ಕನ ಊರಿನ ದಾರಿಯಲ್ಲಿ, ಹುಣಸೆ ಮರದ ಬುಡದಲ್ಲಿ ಒಂದು ಶಾಸನದ ಕಲ್ಲಿದೆ. ಕೆತ್ತುವಾಗ ಆ ಪುಣ್ಯಾತ್ಮ ಒಂದು ಅಕ್ಷರ ಬಿಟ್ಟುಬಿಟ್ಟಿದ್ದಾನೆ. ಆಮೇಲೆ ನೋಡಿಕೊಂಡು ಸಾಲಿನ ಮೇಲೆ ಚಿಕ್ಕದಾಗಿ ಅದನ್ನು ಸೇರಿಸಿದ್ದಾನೆ. ಲೈಬ್ರರಿಗೆ ಬಂದ ಇತಿಹಾಸದ ಮೇಷ್ಟರೊಬ್ಬರು ಅದರ ಫೋಟೋ ತೋರಿಸಿದಾಗ ನಕ್ಕಿದ್ದೆ. ಈಗ ಆ ಕೆತ್ತಿದವನನ್ನು ನೆನೆದರೆ ಹೊಟ್ಟೆಕಿಚ್ಚು. ಕಲ್ಲಿನ ಮೇಲೆ ತಪ್ಪಿದವನಿಗೂ ತಿದ್ದಲು ಅಷ್ಟು ಜಾಗ ಸಿಕ್ಕಿತ್ತು.

ಕೊನೆಗೆ ಬೇರೆ ದಾರಿ ಕಾಣದೆ ನನ್ನದೇ ಹಳೆಯ ನಂಬರಿಗೆ ಫೋನು ಮಾಡಿದೆ. ಗಂಡಸಿನ ದನಿ. ಬೆಳ್ಳೂರು ಕ್ರಾಸಿನಲ್ಲಿ ಟಯರ್ ಪಂಚರ್ ಅಂಗಡಿಯಂತೆ, ಹೆಸರು ಸಾದಿಕ್. ನಿಮ್ಮ ಮೊಬೈಲಿಗೆ ಒಂದು ಓಟಿಪಿ ಬರುತ್ತದೆ, ಹೇಳುತ್ತೀರಾ ಎಂದೆ.

"ಓಟಿಪಿನಾ? ಕೇಳಿದ್ರೆ ಕೊಡ್ಬೇಡಿ ಅಂತ ದಿನಾ ಫೋನಲ್ಲೇ ಯೋಳ್ತಾರೆ ಮೇಡಂ. ಇಡಿ ಫೋನು."

ಇಡಬೇಡಿ ಎಂದು ಅಂಗಲಾಚಿ ಬ್ಲಾಗಿನ ವಿಷಯ, ಅಕ್ಕನ ವಿಷಯ ಒಂದೇ ಉಸಿರಿನಲ್ಲಿ ಹೇಳತೊಡಗಿದೆ. ಆತ ನಡುವೆಯೇ ತಡೆದ. "ಅಕ್ಕನ ಮನೆಯೋರಾ ನೀವು? ಅದ್ಯಾರೋ ಕೆ.ಆರ್. ಪೇಟೆಯಿಂದ ಒಬ್ರು ಅಮ್ಮ ಫೋನ್ ಮಾಡ್ತಾನೇ ಇರ್ತಾರೆ, ಅಕ್ಕ ಎಂಗವ್ರೆ, ಅಕ್ಕ ಎಂಗವ್ರೆ ಅಂತ. ರಾಂಗ್ ನಂಬರ್ ಅಂದ್ರೂ ಕೇಳಾಕಿಲ್ಲ. ಪಾಪ, ಅಷ್ಟು ಅಕ್ಕರೆಯಿಂದ ಕೇಳ್ತಾರೆ. ನಾನೂ ಚೆನ್ನಾಗವ್ರೆ ಅಂದ್ಬುಟ್ಟೆ. ಈಗ ಎಂಗವ್ರೆ?"

ಹೇಳಿದೆ.

"ಯಾ ಅಲ್ಲಾ! ನಾನೇ ಚೆನ್ನಾಗವ್ರೆ ಅಂತ ಯೋಳಿದ್ನಲ್ಲ" ಎಂದ.

ಫೋನಿನಲ್ಲಿ ಆತ ಓದಿ ಹೇಳುವಷ್ಟರಲ್ಲಿ ಓಟಿಪಿಯ ಹೊತ್ತು ಮೀರುತ್ತಿತ್ತು. "ನೀವೇ ಬಂದ್ಬುಡಿ ಮೇಡಂ" ಎಂದ. ರಜೆ ಹಾಕಿ ಪಾಂಡವಪುರ, ನಾಗಮಂಗಲ ಎಂದು ಬಸ್ಸು ಬದಲಿಸಿ ಬೆಳ್ಳೂರಿಗೆ ಹೋದೆ. ಅಕ್ಕನ ಮನೆಗೂ ನಾಗಮಂಗಲದಲ್ಲೇ ಇಳಿಯಬೇಕು. ಆ ದಿನ ಅಲ್ಲಿ ಇಳಿದು ಬೇರೆ ಬಸ್ಸು ಹತ್ತಿದೆ.

ಸಾದಿಕ್ ಟಯರುಗಳ ನಡುವೆ ಒಂದು ಸ್ಟೂಲು ಒರೆಸಿ ಹಾಕಿದ. ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮೊಬೈಲು ನನ್ನ ಕೈಗೇ ಕೊಟ್ಟ. ಓಟಿಪಿ ಬಂತು, ಒತ್ತಿದೆ, ಒಪ್ಪಿತು! ಇಬ್ಬರೂ ನಕ್ಕೆವು. ಆಗ ಇನ್ನೊಂದು ಪ್ರಶ್ನೆ ಬಂತು: ಚಿಕ್ಕಂದಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು?

ಕುಳ್ಳಿ. ಹಾಗೆ ಕರೆಯುತ್ತಿದ್ದವಳು ಅಕ್ಕ ಒಬ್ಬಳೇ. ಆದರೆ ಎಂದೋ ಅದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದಿದ್ದೆನೋ ನೆನಪಿಲ್ಲ. ಒಂದು ಎಲ್ ಹಾಕಿದೆ, ಎರಡು ಹಾಕಿದೆ, ಕೊನೆಗೆ ಐ ತೆಗೆದು ವೈ ಹಾಕಿದೆ. ಕುಳ್ಳಿಯ ಳ್ಳಿ ಇಂಗ್ಲಿಷಿಗೆ ದಕ್ಕುವಂಥದ್ದಲ್ಲ. ನಿಮ್ಮ ಸುರಕ್ಷತೆಗಾಗಿ ಈ ಖಾತೆಯನ್ನು ತಡೆಹಿಡಿಯಲಾಗಿದೆ ಎಂದು ಬಂತು.

ಓದುಗರ ಹಾಗೆಯೇ ಹೋಗಿ ಕೆಳಗೆ ಬರೆದರಾಯಿತು ಎಂದುಕೊಂಡು, ಹೆಸರಿಲ್ಲದೆ ಒಂದು ಸಾಲು ಬರೆದು ಕಳಿಸಿದೆ. "ನಿಮ್ಮ ಅನಿಸಿಕೆ ಬ್ಲಾಗಿನ ಒಡೆಯರ ಒಪ್ಪಿಗೆಗೆ ಕಾಯುತ್ತಿದೆ" ಎಂದಿತು. ಹಿಂದೆ ಯಾರೋ ಅಕ್ಕನ ಮಾತನ್ನು ಆಡಿಕೊಂಡು ಹೊಲಸಾಗಿ ಬರೆದಿದ್ದರು. ಹಳಬರ ಮಾತು ನೇರವಾಗಿ ಹೋಗಲಿ, ಹೊಸಬರದ್ದು ನಾನು ಒಪ್ಪಿದ ಮೇಲೆ ಹೋಗಲಿ ಎಂದು ಆಗ ನಾನೇ ಏರ್ಪಾಡು ಮಾಡಿದ್ದೆ.

"ಯಾರು ಮೇಡಂ ಒಡೆಯರು? ಫೋನ್ ಮಾಡಿ ಕೇಳಾಣ" ಎಂದ ಸಾದಿಕ್.

"ನಾನೇ" ಎಂದೆ. ಆಗ ಅಳು ಬಂದುಬಿಟ್ಟಿತು. ಅಕ್ಕನನ್ನು ಮಣ್ಣು ಮಾಡಿದ ದಿನವೂ ಬಾರದ ಅಳು, ಗುರುತು ಪರಿಚಯವಿಲ್ಲದವನ ಅಂಗಡಿಯಲ್ಲಿ, ಪಂಚರಾದ ಟಯರುಗಳ ಮುಂದೆ. ಆತ ಪಕ್ಕದ ಹೋಟೆಲಿನಿಂದ ಟೀ ತಂದು ಕೊಟ್ಟು, ಬೇರೆ ಕಡೆ ನೋಡುತ್ತಾ ನಿಂತ. ನಾನು ಕುಡಿದು ಮುಗಿಸಿ, ಹಳಬರು ಹೊಸಬರ ಆ ಏರ್ಪಾಡನ್ನು ಹೇಳಿದ ಮೇಲೆ ಕೇಳಿದ, "ಆ ಕೆ.ಆರ್. ಪೇಟೆ ಅಮ್ಮ ಹಳಬ್ರೇ ಅಲ್ವಾ? ಅವ್ರು ಬರೆದ್ರೆ ಓಯ್ತದಾ?"

ಹೋಗುತ್ತದೆ. ನನಗೆ ಹೊಳೆದಿರಲೇ ಇಲ್ಲ. ಆತನೇ ನಂಬರು ಒತ್ತಿ ಕೊಟ್ಟ. ಸರೋಜಮ್ಮ ಎಂದು, ಬಟ್ಟೆ ಹೊಲಿಯುವವರು. ಬ್ಲಾಗಿನ ಮೂಲೆಯಲ್ಲಿ ನಾನು ಹಿಂದೆ ಹಾಕಿದ್ದ ನಂಬರನ್ನು ಬರೆದಿಟ್ಟುಕೊಂಡಿದ್ದರು. ಮಿಷನ್ನಿನ ಸದ್ದಿನ ನಡುವೆಯೇ, "ಏನಪ್ಪಾ, ಅಕ್ಕ ಈಗ ಎದ್ ಓಡಾಡ್ತಾವ್ರಾ?" ಎಂದರು. ನಾನು ಅವರ ತಂಗಿ ಎಂದೆ. ಮಿಷನ್ನು ನಿಂತಿತು. ಉಳಿದದ್ದನ್ನು ಹೇಳಿದೆ.

ಸರೋಜಮ್ಮ ಅಂದರು, "ನಾನ್ ಬರೀತೀನಿ ಬುಡವ್ವ. ನೀನು ಮನೆಗೋಗಿ ಒಂದ್ ತುತ್ತು ಉಣ್ಣು."

ಊರಿಗೆ ಬಂದು ನೋಡುವಷ್ಟರಲ್ಲಿ ಬರೆದಿದ್ದರು: "ನಮ್ಮ ಅಕ್ಕ ಹೋಗ್ಬುಟ್ರು. ತಂಗಿಗೆ ಇಲ್ಲಿ ಬಾಗ್ಲು ತೆಗೀತಾ ಇಲ್ವಂತೆ. ಯಾರೂ ಉತ್ತರಕ್ಕೆ ಕಾಯ್ಬೇಡಿ." ಅದರ ಕೆಳಗೆ ಒಬ್ಬೊಬ್ಬರಾಗಿ ಬರತೊಡಗಿದರು. ಕೆಲವರು ಎಮ್ಮೆಯ ಮಾತು ನೆನೆದರು. ಒಬ್ಬರು ಏನೂ ತೋಚದೆ ತಮ್ಮ ಹೆಸರು ಮಾತ್ರ ಬರೆದು ಹೋಗಿದ್ದರು. ಈಗಲೂ ಆಗೊಬ್ಬರು ಈಗೊಬ್ಬರು ಬರುತ್ತಾರೆ. ಬಂದಿರಲ್ಲ, ಉಪಕಾರವಾಯಿತು ಎಂದು ಒಂದು ಮಾತು ಹೇಳಲು ನನ್ನ ಕೈ ತವಕಿಸುತ್ತದೆ, ಆಗುವುದಿಲ್ಲ.

ಮೊದಲು ಇದರಿಂದ ಬಹಳ ಸಂಕಟವಾಗುತ್ತಿತ್ತು. ಈಗ ಅಷ್ಟಿಲ್ಲ. ನಮ್ಮ ಕಡೆ ಸಾವಿನ ಮನೆಗೆ ಬಂದವರನ್ನು ಯಾರೂ ಬನ್ನಿ ಎಂದು ಕರೆಯುವುದಿಲ್ಲ. ಬಂದವರು ಸುಮ್ಮನೆ ಕೂರುತ್ತಾರೆ, ಹೋಗಿ ಬರುತ್ತೇವೆ ಎಂದು ಹೇಳದೆಯೇ ಎದ್ದು ಹೋಗುತ್ತಾರೆ. ಮನೆಯವರು ಅವರ ಹಿಂದೆ ಬಾಗಿಲ ತನಕ ಹೋಗುವುದಿಲ್ಲ. ಅದನ್ನು ಯಾರೂ ತಪ್ಪೆಂದು ತಿಳಿಯುವುದಿಲ್ಲ.