ಓದೀಲಮ್ಮನ ಸೊಂಟದ ಕೊಕ್ಕೆ

ಜುಲೈ ತಿಂಗಳ ಮೊದಲ ಭಾನುವಾರ, ಹಳೆಯ ಉಡುಪಿನ ಮೆರವಣಿಗೆಗೆಂದು, ಆರ್ಲ್ ಊರಿನ ಬೀದಿಗಳಿಗೆ ಇನ್ನೂರು ವರ್ಷ ಹಿಂದಿನ ಹೆಂಗಸರು ಇಳಿಯುತ್ತಿದ್ದರು. ಅವರಲ್ಲಿ ನಲವತ್ತು ಜನರನ್ನಾದರೂ ಸಿಂಗರಿಸಿ ಇಳಿಸುತ್ತಿದ್ದವಳು ಓದೀಲ್ ರಿಪೆರ್. ರೋನ್ ನದಿಯ ದಂಡೆಯ ರೊಕೆತ್ ಕೇರಿಯಲ್ಲಿ ಮಹಡಿಯ ಮೇಲೊಂದು ಕೋಣೆ, ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ನಿಲುಗನ್ನಡಿ. ಇಷ್ಟೇ ಅವಳ ಸಾಮ್ರಾಜ್ಯ. ಹೊಲಿಗೆ ಯಂತ್ರ ಇಟ್ಟುಕೊಂಡಿರಲಿಲ್ಲ. ಯಾರಾದರೂ ಆ ಮಾತೆತ್ತಿದರೆ, "ಸಾವಿರದ ಏಳುನೂರ ಎಂಬತ್ತರಲ್ಲಿ ಯಂತ್ರ ಇತ್ತೇನಮ್ಮಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಹತ್ತಿ ತುಂಬಿ ಕೌದಿಯ ಹಾಗೆ ಕೈಯಲ್ಲೇ ಹೊಲಿದ ಲಂಗ, ಅದರ ಮೇಲೆ ಹೂಬಳ್ಳಿಯ ಚೀಟಿ ಬಟ್ಟೆಯ ಬಿಗಿ ರವಿಕೆ, ಹೆಗಲಿಗೆ ತೆಳ್ಳನೆಯ ಮಸ್ಲಿನ್ ಶಾಲು, ತಲೆಗೆ ಗಂಜಿ ಹಾಕಿದ ಬಿಳಿ ಟೋಪಿ. ಗುಂಡಿಯೆಂಬುದು ಎಲ್ಲೂ ಇಲ್ಲ. ಇಡೀ ವೇಷ ನಿಲ್ಲುವುದು ಗುಂಡುಸೂಜಿಗಳ ಮೇಲೆ. ಓದೀಲ್ ಹತ್ತು ಹನ್ನೆರಡು ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡೇ ಕೆಲಸ ಮಾಡುತ್ತಿದ್ದಳು, ಕಚ್ಚಿಕೊಂಡೇ ಬೈಯುತ್ತಿದ್ದಳು. ಆ ವಿದ್ಯೆ ಅವಳೊಬ್ಬಳಿಗೇ ಸಿದ್ಧಿಸಿತ್ತು.

ಬೈಯಲು ಕಾರಣಗಳಿಗೇನು ಬರ. ಬೆಸ್ತರವಳ ವೇಷ ಹಾಕಿದ ಹುಡುಗಿ ರೇಷ್ಮೆ ಉಟ್ಟರೆ ತಪ್ಪು. ಉಗುರಿಗೆ ಬಣ್ಣ ತಪ್ಪು. ಅಗಸಗಿತ್ತಿಯ ಕೊರಳಲ್ಲಿ ಅಂಗೈಯಗಲದ ಚಿನ್ನದ ಶಿಲುಬೆ ಕಂಡರೆ, "ಮೂಗಿಗಿಂತ ಮೂಗುತಿ ಭಾರ. ಬಿಚ್ಚು," ಎನ್ನುತ್ತಿದ್ದಳು. ಎಲ್ಲಕ್ಕಿಂತ ಕಟ್ಟುನಿಟ್ಟು ಕ್ಲಾವಿಯೆಯ ವಿಷಯದಲ್ಲಿ. ಅದು ಸೊಂಟಕ್ಕೆ ಸಿಕ್ಕಿಸುವ ಬೆಳ್ಳಿಯ ಕೊಕ್ಕೆ. ಅದರಿಂದ ಸರಪಳಿಯಲ್ಲಿ ಕತ್ತರಿ, ಬೀಗದ ಕೈ ತೂಗುತ್ತವೆ. ಮದುವೆಯ ದಿನ ಗಂಡಿನ ಕಡೆಯವರು ಹೆಣ್ಣಿಗೆ ಕೊಟ್ಟು, ಇನ್ನು ಮನೆ ನಿನ್ನದು ಎಂದು ಒಪ್ಪಿಸುವ ಒಡವೆ. ಮದುವೆಯಾಗದವಳು ಅದನ್ನು ತೊಟ್ಟು ನಡೆದರೆ ಊರಿಗೆ ಊರೇ ನೋಡುವಾಗ ಸುಳ್ಳು ಹೇಳಿದ ಹಾಗೆ. ಚೆಂದಕ್ಕೆಂದು ಅಜ್ಜಿಯ ಪೆಟ್ಟಿಗೆಯಿಂದ ತಂದು ಸಿಕ್ಕಿಸಿಕೊಂಡ ಹುಡುಗಿಯರು ಪ್ರತಿ ವರ್ಷ ಇಬ್ಬರು ಮೂವರಾದರೂ ಅವಳ ಕೈಗೆ ಸಿಕ್ಕಿಬೀಳುತ್ತಿದ್ದರು.

"ಗಂಡ ಎಲ್ಲಿ?"

"ಇಲ್ಲ ಓದೀಲಮ್ಮಾ..."

"ಹಾಗಾದ್ರೆ ಕೊಕ್ಕೆನೂ ಇಲ್ಲ."

ಓದೀಲಮ್ಮನಿಗೂ ಗಂಡ ಇರಲಿಲ್ಲ. ಐವತ್ತೆಂಟು ತುಂಬಿತ್ತು. ಇದ್ದವನು ಸೆವೆರಿನ್. ರೈಲು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು, ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳು ತುಲೋನಿನಲ್ಲಿ. ಹನ್ನೊಂದು ವರ್ಷದ ಹಿಂದೆ ಕಿಟಕಿಯ ಚಿಲಕ ಸರಿಮಾಡಲು ಬಂದವನು ಮೇಜಿನ ಮೇಲಿನ ಗುಂಡುಸೂಜಿಯನ್ನು ಎತ್ತಿ ನೋಡಿ, "ಇದು ಇವತ್ತಿಂದು. ಆ ಕಾಲದಲ್ಲಿ ತಂತಿ ಸುತ್ತಿ ತಲೆ ಮಾಡ್ತಿದ್ರು," ಎಂದ. ತನಗೆ ಯಾರೂ ತಪ್ಪು ತೋರಿಸಿ ರೂಢಿಯಿಲ್ಲದ ಓದೀಲ್ ಅವತ್ತು ಕೆಂಪಾದಳು. ಮುಂದಿನ ಗುರುವಾರ ಅವನು ಹಿತ್ತಾಳೆ ತಂತಿಯಿಂದ ಇನ್ನೂರು ಗುಂಡುಸೂಜಿ ಮಾಡಿ ತಂದ. ಆಮೇಲೆ ಗುರುವಾರಗಳು ಅವನವಾದವು. ಅವನು ಆಲಿವ್ ತರುತ್ತಿದ್ದ, ಅವಳು ಸೂಪು ಮಾಡುತ್ತಿದ್ದಳು, ಮೇಜಿನ ತುದಿಯಲ್ಲಿ ಕೂತು ಅವನು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದ.

ವರ್ಷಕ್ಕೊಮ್ಮೆ ಮದುವೆಯಾಗೋಣವೇ ಎಂದು ಕೇಳುತ್ತಿದ್ದ. "ಜುಲೈ ಮುಗೀಲಿ," ಎನ್ನುತ್ತಿದ್ದಳು ಅವಳು. ಜುಲೈ ಪ್ರತಿ ವರ್ಷ ಮುಗಿಯುತ್ತಿತ್ತು, ಈ ಮಾತು ಮಾತ್ರ ಮುಗಿಯುತ್ತಿರಲಿಲ್ಲ.

ಅವನು ಬೇಡವೆಂದಲ್ಲ. ಅವನು ಬಾರದ ಗುರುವಾರ ಅವಳ ಸೂಪಿಗೆ ಉಪ್ಪೇ ಇರುತ್ತಿರಲಿಲ್ಲ. ಆದರೆ ಬಿಟ್ಟ ಬಟ್ಟೆ ಬಿಟ್ಟ ಜಾಗದಲ್ಲೇ ಇರುವ ಮನೆಯಲ್ಲಿ ಒಂಟಿಯಾಗಿ ಬಾಳಿದವಳಿಗೆ ಇನ್ನೊಬ್ಬರು ಬಂದು ಸೇರುವುದೆಂದರೆ ಹೆದರಿಕೆ. "ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ನಿನ್ನ ಕಥೆ ಅಷ್ಟೆ ಕಣೇ," ಎಂದು ಪಕ್ಕದ ಮನೆಯ ಜಿನೆಟ್ ಆಡಿಕೊಳ್ಳುತ್ತಿದ್ದಳು.

ಆ ವರ್ಷ ಮೆರವಣಿಗೆಯ ಹಿಂದಿನ ಸಂಜೆ ಸೆವೆರಿನ್ ಬಂದಾಗ ಓದೀಲ್ ಒಬ್ಬ ಹುಡುಗಿಯ ಕಾಲಬುಡದಲ್ಲಿ ಮಂಡಿಯೂರಿ ಲಂಗದ ಅಂಚು ಮಡಚುತ್ತಿದ್ದಳು. ಅವನು ಮೇಜಿನ ಮೇಲೊಂದು ಪುಟ್ಟ ಡಬ್ಬಿ ಇಟ್ಟು ಮುಚ್ಚಳ ತೆಗೆದ. ಒಳಗೆ ಕ್ಲಾವಿಯೆ. ತನ್ನ ತಾಯಿಯ ಬೆಳ್ಳಿ ಚಮಚಗಳನ್ನು ಕರಗಿಸಿ ಚಳಿಗಾಲವಿಡೀ ಕೂತು ಮಾಡಿದ್ದ.

"ನಾಳೆ ಬ್ರೆಡ್ ಅಂಗಡಿ ಮುಂದೆ ನಿಂತಿರ್ತೀನಿ," ಎಂದ. "ಇದು ನಿನ್ನ ಸೊಂಟದಲ್ಲಿ ಕಂಡ್ರೆ ಹೂಂ ಅಂತ ತಿಳ್ಕೋತೀನಿ. ಕಾಣದೇ ಇದ್ರೆ ಸೋಮವಾರ ಬೆಳಿಗ್ಗೆ ತುಲೋನಿಗೆ ರೈಲು ಹತ್ತುತೀನಿ. ಮಗಳು ಕೋಣೆ ಖಾಲಿ ಮಾಡಿಟ್ಟಿದಾಳೆ. ನಿನ್ನ ಮೇಲೆ ಸಿಟ್ಟಿಲ್ಲ ಓದೀಲ್. ಇನ್ನೊಂದು ಸಲ ಕೇಳೋಕೆ ನನ್ನ ಕೈಲಾಗಲ್ಲ, ಅಷ್ಟೆ."

ಗುಂಡುಸೂಜಿ ಕಚ್ಚಿದ ಬಾಯಿಗೆ ಬೈಗುಳವಾದರೆ ಸಲೀಸಾಗಿ ಬರುತ್ತಿತ್ತು, ಈ ಮಾತಿಗಾದರೆ ಮೊದಲು ಬಾಯಿ ಖಾಲಿಯಾಗಬೇಕಿತ್ತು. ಒಂದೊಂದೇ ಸೂಜಿ ಉಗುಳಿ ಏಳುವಷ್ಟರಲ್ಲಿ ಅವನು ಮೆಟ್ಟಿಲಿಳಿದು ಹೋಗಿಬಿಟ್ಟಿದ್ದ.

ಹುಡುಗಿಯನ್ನು ಕಳಿಸಿ, ಕೊಕ್ಕೆಯನ್ನು ಸೊಂಟದ ಹತ್ತಿರ ಹಿಡಿದು ಕನ್ನಡಿಯ ಮುಂದೆ ನಿಂತಳು. ಒಂದು ಕೊಂಕು ತೆಗೆಯೋಣವೆಂದರೆ ಸಿಗಲಿಲ್ಲ. ತುಲೋನಿನ ರೈಲು ನೆನಪಾದದ್ದೇ ತಡ, ಕನ್ನಡಿಗೆ "ಹೂಂ" ಎಂದಳು. ಹೂಂ ಎನ್ನುವುದು ಇಷ್ಟು ಸುಲಭವೆಂದು ಅವಳಿಗೇ ಗೊತ್ತಿರಲಿಲ್ಲ. ಆದರೆ ಇದನ್ನು ತೊಡುವುದು ಹೇಗೆ? ಇಷ್ಟು ವರ್ಷ ಎಷ್ಟು ಹುಡುಗಿಯರ ಸೊಂಟದಿಂದ ಬಿಚ್ಚಿಸಿದ್ದಳು, ಒಂದಿಬ್ಬರು ಅತ್ತಿದ್ದರು ಕೂಡ. ಈ ದಡ್ಡ ಬೇರೆ ಯಾವ ಗುರುತನ್ನಾದರೂ ಕೇಳಬಾರದಿತ್ತೇ, ಒಂದು ಹೂವು, ಒಂದು ರಿಬ್ಬನ್ನು? ಅವನ ಮನೆ ನದಿಯಾಚೆ, ಫೋನಿಲ್ಲ. ಇತ್ತ ಮೆಟ್ಟಿಲ ಮೇಲೆ ಇನ್ನೂ ಎಂಟು ಹುಡುಗಿಯರು ಅಂಚು ಮಡಚಿಸಿಕೊಳ್ಳಲು ಕಾದಿದ್ದರು. ಜಿನೆಟ್ ಕೈಲಿ ಹೇಳಿ ಕಳಿಸಿದರೆ ಅವಳು ಸೇತುವೆ ದಾಟುವಷ್ಟರಲ್ಲಿ ಊರಿಗೆಲ್ಲ ಟಾಂ ಟಾಂ.

ಬೆಳಿಗ್ಗೆ ಐದಕ್ಕೇ ಕೋಣೆ ಸಂತೆಯಾಯಿತು. ಎಲ್ಲರನ್ನೂ ಮುಗಿಸಿ ಕೊನೆಗೆ ಓದೀಲ್ ನಿಂತಾಗ, ಅವಳ ಶಾಲಿಗೆ ಸೂಜಿ ಚುಚ್ಚುತ್ತಿದ್ದ ಜಿನೆಟ್ ಡಬ್ಬಿಯನ್ನು ಕಂಡಳು.

"ಅಯ್ಯೋ, ಸೆವೆರಿನ್ ಮಾಡಿದ್ದಾ? ಹಾಕ್ಕೊಂಡು ನಡಿಯೇ! ನಿನ್ನನ್ನ ಯಾರು ಕೇಳ್ತಾರೆ?"

"ನಾನೇ ಕೇಳ್ತೀನಿ."

"ಅವನು ಹೋಗ್ಬಿಟ್ರೆ?"

ಓದೀಲ್ ಟೋಪಿ ಸರಿಮಾಡಿಕೊಂಡಳು.

ಕೊಳಲು, ತಮಟೆ ಮುಂದೆ, ಹೆಂಗಸರ ಸಾಲು ಹಿಂದೆ. ಸಾಲು ಬಿಟ್ಟು ಯಾರೂ ಅಲ್ಲಾಡಬಾರದೆಂಬುದೂ ಓದೀಲಮ್ಮನದೇ ಕಾನೂನು. ಬ್ರೆಡ್ ಅಂಗಡಿಯ ಮುಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಸೆವೆರಿನ್ ನಿಂತಿದ್ದ. ದೂರದಿಂದಲೇ ಅವನ ಕಣ್ಣು ಅವಳ ಸೊಂಟವನ್ನು ಹುಡುಕಿದ್ದು ಅವಳಿಗೆ ಕಂಡಿತು. ಹುಡುಕಿ, ಸಿಗದೆ, ತನ್ನ ಬೂಟುಗಳ ಕಡೆ ಇಳಿದದ್ದೂ ಕಂಡಿತು. ಅವನು ತಲೆಯೆತ್ತಿ ಮುಗುಳ್ನಗಲು ನೋಡಿದ, ಆಗಲಿಲ್ಲ. ಟೋಪಿ ಹಾಕಿಕೊಂಡು ಹೊರಡಲು ತಿರುಗಿದ.

ಓದೀಲ್ ಸಾಲು ಬಿಟ್ಟಳು. ಹಿಂದಿನ ಹುಡುಗಿಯರು ಒಬ್ಬರ ಬೆನ್ನಿಗೊಬ್ಬರು ಮುಗ್ಗರಿಸಿ ನಿಂತರು. ಅವಳು ಲಂಗದ ಪಕ್ಕದ ಸೀಳಿಗೆ ಕೈಹಾಕಿ, ಒಳಗೆ ಸೊಂಟಕ್ಕೆ ಕಟ್ಟಿದ್ದ ಬಟ್ಟೆಚೀಲದಿಂದ ಡಬ್ಬಿ ತೆಗೆದು ಅವನ ಎದೆಗೆ ಒತ್ತಿದಳು.

"ಹನ್ನೊಂದು ವರ್ಷ ನನ್ನ ಮೇಜಿನ ಪಕ್ಕ ಕೂತು ಏನು ಕಲಿತೆ ಮಾರಾಯ? ಮದುವೆಗೆ ಮುಂಚೆ ಯಾವಳಾದ್ರೂ ಇದನ್ನ ತೊಡ್ತಾಳಾ?"

ಸೆವೆರಿನ್ ಡಬ್ಬಿ ಹಿಡಿದುಕೊಂಡು ಪೆದ್ದನ ಹಾಗೆ ನಿಂತ. "ಅಂದ್ರೆ... ಬೇಡ ಅಂತಾನಾ?"

"ಕೊಡೋ ದಿನ ಕೊಡು ಅಂತ! ಪುರಸಭೆ ಬಾಗಿಲು ನಾಳೆ ಒಂಬತ್ತಕ್ಕೆ ತೆಗೀತಾರೆ. ಜನನ ಪತ್ರ ತಗೊಂಡು ಬಾ, ದಿನ ಗೊತ್ತು ಮಾಡೋಣ. ತುಲೋನಿಗೆ ಮದುವೆ ಕರೆಯೋಕೆ ಇಬ್ಬರೂ ಹೋಗೋಣ."

"ಓದೀಲ್! ಸಾಲು ಬಿಟ್ಟಿದೀಯಾ!" ಎಂದು ಹಿಂದಿನಿಂದ ಜಿನೆಟ್ ಸಂತೋಷ ತಡೆಯಲಾರದೆ ಕೂಗಿದಳು.

"ಬಿಟ್ಟೆ. ಏನೀಗ?"

ಜನ ಚಪ್ಪಾಳೆ ತಟ್ಟಿದರು. ಓದೀಲ್ ಕಿವಿಯವರೆಗೂ ಕೆಂಪಾಗಿ, ವಾಪಸು ಹೋಗಲು ಎರಡು ಹೆಜ್ಜೆ ಇಟ್ಟವಳು ಮತ್ತೆ ತಿರುಗಿದಳು. ಈ ಸಲ ದನಿ ಅವನಿಗೊಬ್ಬನಿಗೇ ಕೇಳುವಷ್ಟಿತ್ತು.

"ಸಂಜೆ ಮನೆಗೆ ಬಾ. ಬೆನ್ನ ಹಿಂದೆ ಒಂಬತ್ತು ಸೂಜಿ ಇದೆ. ಬೆಳಿಗ್ಗೆ ಚುಚ್ಚೋಕೆ ಹತ್ತು ಜನ ಸಿಗ್ತಾರೆ ಸೆವೆರಿನ್. ಸಂಜೆ ಬಿಚ್ಚೋಕೆ ಇಷ್ಟು ವರ್ಷ ನಾನೊಬ್ಬಳೇ ಒದ್ದಾಡಿದೀನಿ."