ಮೊದಲೇ ಬರೆದಿಟ್ಟ ನಡಾವಳಿ

ಫೆಬ್ರವರಿಯ ಎರಡನೆಯ ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ಗಲ್ಫಿನ ಅಲ್ ನಹ್ದಾದಲ್ಲಿರುವ ನಮ್ಮ ಶಾಲೆಯ ಗ್ರಂಥಾಲಯ. ಹಾಜರಿದ್ದವರು: ಆಡಳಿತ ಮಂಡಳಿಯ ಅಧ್ಯಕ್ಷರು, ಪ್ರಾಂಶುಪಾಲರು, ಪೋಷಕರ ಪರವಾಗಿ ಒಬ್ಬ ತಂದೆ ಮತ್ತು ಒಬ್ಬ ತಾಯಿ, ವಿಜ್ಞಾನದ ಟೀಚರ್, ನಾನು. ನಾನು ಪ್ರಾಥಮಿಕ ವಿಭಾಗದ ಮುಖ್ಯಸ್ಥೆ. ಮಂಡಳಿಯ ಸಭೆಗಳ ನಡಾವಳಿ ಬರೆಯುವುದೂ ಹನ್ನೊಂದು ವರ್ಷಗಳಿಂದ ನನ್ನದೇ ಕೆಲಸ. ಮತ ಹಾಕುವ ಹಕ್ಕು ಮಾತ್ರ ಇಲ್ಲ. ಎಲ್ಲರೂ ಕರಾವಳಿಯವರಾದ್ದರಿಂದ ಕಾಗದ ಇಂಗ್ಲಿಷಿನಲ್ಲಿದ್ದರೂ ಮಾತು ಕನ್ನಡದಲ್ಲಿ ನಡೆಯುತ್ತಿತ್ತು.

ಚರ್ಚೆಯ ವಿಷಯ ಒಂದೇ. ಅಲ್ಲಿಯವರೆಗೆ ಒಂದರಿಂದ ಐದು ಪ್ರಾಥಮಿಕ, ಆರರಿಂದ ಮೇಲೆ ಹೈಸ್ಕೂಲು ಎಂದು ಎರಡೇ ಭಾಗಗಳಿದ್ದವು. ಏಪ್ರಿಲ್‌ನಿಂದ ನಡುವೆ ಮಿಡ್ಲ್ ಸ್ಕೂಲ್ ಎಂಬ ಮೂರನೆಯ ಭಾಗ ಬರಲಿತ್ತು. ಅದಕ್ಕೆ ಮೇಲಿನ ಮಹಡಿ ಕೊಡುವುದು, ವಿಜ್ಞಾನದ ಟೀಚರನ್ನು ಅದರ ಮುಖ್ಯಸ್ಥೆ ಮಾಡುವುದು ಹಿಂದಿನ ಸಭೆಯಲ್ಲೇ ತೀರ್ಮಾನವಾಗಿತ್ತು. ಉಳಿದದ್ದು ಐದನೆಯ ತರಗತಿ. ಅದು ನನ್ನ ಬಳಿ ಕೆಳಗೆ ಉಳಿಯಬೇಕೋ, ಆಕೆಯ ಬಳಿ ಮೇಲಕ್ಕೆ ಹೋಗಬೇಕೋ?

ಐದನೆಯ ತರಗತಿ ನನಗೆ ಏಕೆ ಬೇಕಿತ್ತೆಂದು ಹೇಳಬೇಕು. ನಮ್ಮಲ್ಲಿ ಒಂದನೆಯ ತರಗತಿಯ ಪ್ರತಿಯೊಂದು ಮಗುವಿಗೂ ಐದನೆಯ ತರಗತಿಯ ಒಂದು ಜೋಡಿ ಇರುತ್ತಿತ್ತು. ಮಧ್ಯಾಹ್ನ ಒಂದು ನಲವತ್ತಕ್ಕೆ, ಮೇಲಿನ ತರಗತಿಗಳಿಗಿಂತ ಮೊದಲು, ಪ್ರಾಥಮಿಕದವರು ಮನೆಗೆ ಹೊರಡುವ ಗಂಟೆ ಬಾರಿಸಿದ ಕೂಡಲೇ ದೊಡ್ಡವರು ಚಿಕ್ಕವರ ಕೈ ಹಿಡಿದು, ಬಸ್ಸಿನ ನಂಬರಿನ ಪ್ರಕಾರ ಸಾಲಾಗಿ ನಿಂತು, ಬಿಸಿಲಿನ ಅಂಗಳ ದಾಟಿಸಿ, ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕುತ್ತಿದ್ದರು. ಈ ಪದ್ಧತಿ ನಾನು ಕಟ್ಟಿದ್ದು. ಮಂಗಳೂರಿನ ಕನ್ಯಾಸ್ತ್ರೀಯರ ಬೋರ್ಡಿಂಗಿನಲ್ಲಿ ನಾನೂ ಹೀಗೆಯೇ ಒಬ್ಬ ದೊಡ್ಡ ಹುಡುಗಿಯ ಕೈ ಹಿಡಿದು ಊಟಕ್ಕೆ ಹೋಗುತ್ತಿದ್ದೆ. ಇಷ್ಟು ವರ್ಷಗಳಲ್ಲಿ ಒಂದು ಮಗುವೂ ತಪ್ಪು ಬಸ್ಸು ಹತ್ತಿರಲಿಲ್ಲ.

ಇದು ಸಭೆಯಲ್ಲಿ ಹೇಳಲು ಇಟ್ಟುಕೊಂಡಿದ್ದ ಕಾರಣ. ಇನ್ನೊಂದು ಕಾರಣ ವಿಜ್ಞಾನದ ಟೀಚರ್.

ಆಕೆ ಉಡುಪಿ ಕಡೆಯವಳು. ಒಂಬತ್ತು ವರ್ಷಗಳ ಹಿಂದೆ ನನ್ನ ಕೈಕೆಳಗೆ ಸೇರಿದಾಗ ಹಾಜರಿ ಪುಸ್ತಕದಲ್ಲಿ ಗೆರೆ ಎಳೆಯಲು ಕಲಿಸಿದವಳೇ ನಾನು. ದೂರದ ಅಲ್ ಬರ್ಷಾದಿಂದ ಮೆಟ್ರೊದಲ್ಲಿ ಬರುತ್ತಿದ್ದಳು. ವಾರಕ್ಕೊಮ್ಮೆಯಾದರೂ ಎರಡು ನಿಮಿಷ ತಡ. ನನ್ನ ಐದನೆಯ ತರಗತಿಯ ಮಕ್ಕಳು ಮೆಟ್ಟಿಲ ಬಳಿ ಕಾದಿದ್ದು, "ಮಿಸ್, ಯು ಆರ್ ಲೇಟ್!" ಎಂದು ಕೂಗುತ್ತಿದ್ದರು. ಆಕೆ ಎರಡೂ ಕಿವಿ ಹಿಡಿದು ಕ್ಷಮೆ ಕೇಳುವಳು. ನಾನು ಹೋದರೆ ಅದೇ ಮಕ್ಕಳು ಬೆನ್ನು ನೆಟ್ಟಗೆ ಮಾಡಿ, "ಗುಡ್ ಮಾರ್ನಿಂಗ್ ಮ್ಯಾಮ್" ಎಂದು ರಾಗ ಎಳೆಯುವರು. ಮೂವತ್ತು ವರ್ಷಗಳಲ್ಲಿ ನಾನು ಎರಡು ನಿಮಿಷ ತಡ ಮಾಡಿದವಳಲ್ಲ. ನನಗಾಗಿ ಯಾರೂ ಮೆಟ್ಟಿಲ ಬಳಿ ಕಾದದ್ದೂ ಇಲ್ಲ. ಆಕೆಯ ಮೇಜಿನ ಮೇಲೆ ಮಕ್ಕಳು ಕೊಟ್ಟ ಹುಟ್ಟುಹಬ್ಬದ ಕಾರ್ಡುಗಳಿದ್ದವು. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಒಮ್ಮೆ ಅವನ್ನು ಎಣಿಸಿದ್ದೇನೆ. ಇಪ್ಪತ್ತಾರು.

ನಾಳೆಯ ಕೆಲಸವನ್ನು ಇಂದೇ ಅರ್ಧ ಮುಗಿಸಿಡಬೇಕೆಂಬುದು ಬೋರ್ಡಿಂಗಿನ ನಿಯಮವಾಗಿತ್ತು. ಅದೇ ಅಭ್ಯಾಸದಿಂದ ನಾನು ನಡಾವಳಿಯನ್ನು ಸಭೆಯ ಹಿಂದಿನ ದಿನವೇ ಬರೆದಿಡುತ್ತಿದ್ದೆ. ಸೂಚಿಸಿದವರು, ಅನುಮೋದಿಸಿದವರು ಎಂಬಲ್ಲಿ ಮಾತ್ರ ಖಾಲಿ ಜಾಗ. ಹನ್ನೊಂದು ವರ್ಷಗಳಲ್ಲಿ ಒಂದೆರಡು ಶಬ್ದಗಳ ಹೊರತು ತಿದ್ದಬೇಕಾಗಿ ಬಂದಿರಲಿಲ್ಲ. ನಮ್ಮ ಮಂಡಳಿಯ ಸಭೆಗಳು ಅಂಥವು. ಈ ಸಲವೂ ಶುಕ್ರವಾರವೇ ಬರೆದೆ. ಕಾರ್ಯಸೂಚಿ, ನಡಾವಳಿ ಎರಡರದ್ದೂ ಆರಾರು ಪ್ರತಿ ಮುದ್ರಿಸಿದೆ. ಎಲ್ಲರ ಮುಂದೆ ಇಡುವ ಫೈಲುಗಳಲ್ಲಿ ಕಾರ್ಯಸೂಚಿ ಇಟ್ಟೆನೆಂದುಕೊಂಡಿದ್ದೆ. ಇಟ್ಟದ್ದು ನಡಾವಳಿ.

ಅಧ್ಯಕ್ಷರು ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು. ಐದನೆಯ ತರಗತಿಯನ್ನು ಪ್ರಾಥಮಿಕ ವಿಭಾಗದಲ್ಲೇ ಉಳಿಸಲು ಸರ್ವಾನುಮತದಿಂದ ನಿರ್ಣಯಿಸಲಾಯಿತು. ಹನ್ನೊಂದು ಗಂಟೆಗೆ ಚಹಾದೊಂದಿಗೆ ಸಭೆ ಮುಕ್ತಾಯವಾಯಿತು. ಓದಿ, ಗೋಡೆಯ ಗಡಿಯಾರ ನೋಡಿದರು.

"ಎಂಥ ಟೀಚರೇ ಇದು? ನಾವು ಈಗಷ್ಟೇ ಕೂತದ್ದಲ್ವಾ? ಸಭೆ ಖಲಾಸಾ?"

"ಚಾಯ ಸಹ ಕುಡಿದಾಯ್ತಂತೆ," ಎಂದರು ಪೋಷಕರ ಪೈಕಿ ತಂದೆ. "ನನಗೆ ಸಿಗ್ಲೇ ಇಲ್ಲ ಮಾರಾಯ್ರೆ!"

ಎಲ್ಲರೂ ನಕ್ಕರು. ವಿಜ್ಞಾನದ ಟೀಚರ್ ನಗಲಿಲ್ಲ. ಆಕೆಯ ಬೆರಳು ಕೊನೆಯ ಸಾಲಿಗಿಂತ ಸ್ವಲ್ಪ ಮೇಲೆ ನಿಂತಿತ್ತು. ಅಧ್ಯಕ್ಷರು ಹಾರಿಸಿ ಓದಿದ್ದ ಆ ಸಾಲಿನಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು: 'ವಿಜ್ಞಾನದ ಶಿಕ್ಷಕಿಯ ಸಲಹೆಗಾಗಿ ಧನ್ಯವಾದ ಅರ್ಪಿಸಿ, ಅವರ ಅನುಭವದ ಕೊರತೆಯ ಕಾರಣ ಅದನ್ನು ಕೈಬಿಡಲಾಯಿತು.'

ಆಕೆ ಫೈಲು ಮುಚ್ಚಿದಳು. "ಅದು ಡ್ರಾಫ್ಟ್ ಸರ್. ನಾಳೆಯ ಪಾಠ ಇವತ್ತೇ ಬರ್ದಿಡ್ಬೇಕು ಅಂತ ನನಗೂ ಟೀಚರೇ ಕಲಿಸಿದ್ದು. ಅಜೆಂಡಾ ಒಳಗೆ ಉಂಟು, ನಾನು ತರ್ತೇನೆ."

ಹೋಗಿ ನನ್ನ ಮೇಜಿನಿಂದ ತಂದು ಎಲ್ಲರಿಗೂ ಹಂಚಿದಳು. ಆಕೆ ರೇಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಚರ್ಚೆ ಶುರುವಾಯಿತು. ಮೊದಲು ಮಾತಾಡಿದವರು ಪೋಷಕರ ಪೈಕಿ ತಾಯಿ. "ನನ್ನವ ಈಗ ನಾಲ್ಕನೇದು, ಏಪ್ರಿಲ್‌ನಲ್ಲಿ ಐದು. ದಿನಾ ಕೇಳ್ತಾನೆ, ಮಮ್ಮಿ, ವಿಲ್ ವಿ ಗೆಟ್ ಹರ್? ಅಂತ."

"ಹರ್ ಅಂದ್ರೆ ಯಾರು?" ಎಂದರು ಅಧ್ಯಕ್ಷರು.

ಆ ತಾಯಿ ವಿಜ್ಞಾನದ ಟೀಚರ ಕಡೆ ಗದ್ದ ಚಾಚಿ ತೋರಿಸಿದರು. ನಾನು ಪೆನ್ನಿನ ಮುಚ್ಚಳ ಹಾಕಿ ತೆಗೆದೆ.

"ಅದೆಲ್ಲ ಸರಿ," ಎಂದರು ತಂದೆ. "ನನ್ನ ಮಗಳು ಏಪ್ರಿಲ್‌ಗೆ ಒಂದನೇ ಕ್ಲಾಸು. ಐದನೆಯವರು ಮೇಲೆ ಹೋದ್ರೆ ಅವಳ ಕೈ ಹಿಡಿಯುವವರು ಯಾರು? ಅಲ್ಲಿ ಬಸ್ಸೇ ಹನ್ನೆರಡು ನಿಲ್ತದೆ."

ನಾನು ನೆಟ್ಟಗೆ ಕೂತೆ. ಇದು ನನ್ನ ಕಾರಣ. ನಾನು ಹೇಳುವ ಮೊದಲೇ ಬೇರೆಯವರು ಹೇಳಿದ್ದರು. ಅಧ್ಯಕ್ಷರು ತಲೆಯಾಡಿಸಿದರು. ಪ್ರಾಂಶುಪಾಲರೂ ತಲೆಯಾಡಿಸಿದರು. ಆಗ ವಿಜ್ಞಾನದ ಟೀಚರ್ ಬಾಯಿ ತೆರೆದಳು.

"ಒಂದು ನಲವತ್ತಕ್ಕೆ ನಾನು ಹತ್ತು ನಿಮಿಷ ಪಾಠ ನಿಲ್ಲಿಸ್ತೇನೆ ಸರ್. ನನ್ನ ಮಕ್ಕಳು ಕೆಳಗೆ ಬಂದು ಚಿಕ್ಕವರನ್ನು ಬಸ್ಸು ಹತ್ತಿಸಿ ವಾಪಸು ಬರ್ಲಿ. ಟೀಚರ ಪದ್ಧತಿ ನಿಲ್ಲುವುದು ಬೇಡ."

ನನ್ನ ಮಕ್ಕಳು, ಎಂದಳು. ಇನ್ನೂ ಯಾರೂ ಕೈ ಎತ್ತಿರಲಿಲ್ಲ.

"ಬೇಡ," ಎಂದೆ. "ಪಾಠದ ನಡುವೆ ಮಕ್ಕಳನ್ನು ಎಬ್ಬಿಸುವುದು ಶಿಸ್ತಲ್ಲ. ಪ್ರಾಥಮಿಕದ ಮಕ್ಕಳನ್ನು ಪ್ರಾಥಮಿಕದವರೇ ನೋಡಿಕೊಳ್ತಾರೆ. ನಾಲ್ಕನೆಯವರು ಇದ್ದಾರಲ್ಲ."

"ನಿಜವಾಗ್ಲೂ ಬೇಡ್ವಾ?" ಎಂದರು ಪ್ರಾಂಶುಪಾಲರು. "ಸ್ವಲ್ಪ ಆಲೋಚನೆ ಮಾಡಿ."

"ಬೇಡ. ನಾಲ್ಕನೆಯವರು ಸಾಕು."

ತಂದೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಕುಚೋದ್ಯವೇನೂ ಇರಲಿಲ್ಲ, ಸಮಾಧಾನ ಮಾತ್ರ ಇತ್ತು. "ನಾಲ್ಕನೆಯವರೇ ಸಾಕಾಗ್ತಾರಾ? ಹಾಗಾದ್ರೆ ಐದನೆಯವರನ್ನು ಕೆಳಗೆ ಯಾಕೆ ಇಟ್ಕೊಳ್ಳುವುದು?"

"ಹೌದಲ್ವಾ," ಎಂದರು ಅಧ್ಯಕ್ಷರು.

ಮತವಿದ್ದ ನಾಲ್ವರ ಕೈಗಳೂ ಮೇಲೆದ್ದವು. ನಾನು ಬರೆದುಕೊಂಡೆ. ಚಹಾ ಬಂದಾಗ ಗಂಟೆ ಹತ್ತೂ ಹತ್ತು.

ಮನೆ ಶಾಲೆಯಿಂದ ಎಂಟು ನಿಮಿಷದ ದಾರಿ. ಹನ್ನೆರಡೂವರೆಗೆ ಊಟ. ಒಂದಕ್ಕೆ ಮೇಜಿನ ಮುಂದೆ ಕೂತು ಹಳೆಯ ಆರು ಪ್ರತಿಗಳನ್ನು ಹರಿದೆ. ಆಮೇಲೆ ನಡಾವಳಿಯನ್ನು ನಡೆದಂತೆಯೇ ಬರೆದೆ: ಐದನೆಯ ತರಗತಿ ಮಿಡ್ಲ್ ಸ್ಕೂಲಿಗೆ ಸೇರತಕ್ಕದ್ದು. ಬಸ್ಸಿನ ಹೊತ್ತಿಗೆ ಮಕ್ಕಳನ್ನು ಕಳಿಸುವ ಸಲಹೆಯನ್ನು ಪ್ರಾಥಮಿಕ ವಿಭಾಗದ ಮುಖ್ಯಸ್ಥೆಯ ಆಕ್ಷೇಪದ ಮೇರೆಗೆ ಕೈಬಿಡಲಾಯಿತು. ಆ ಸಾಲನ್ನು ಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಬಿಡಲಿಲ್ಲ. ಎರಡು ಗಂಟೆಗೆ ಎಲ್ಲರಿಗೂ ಕಳಿಸಿದೆ.

ಉಳಿದದ್ದು ಏಪ್ರಿಲ್‌ನ ಜೋಡಿಗಳ ಪಟ್ಟಿ. ಎಡಗಡೆ ಒಂದನೆಯ ತರಗತಿಯವರು, ಬಲಗಡೆ ನಾಲ್ಕನೆಯವರು. ಒಂದನೆಯ ತರಗತಿಗೆ ಆ ವರ್ಷ ಮಕ್ಕಳು ಹೆಚ್ಚು ಸೇರಿದ್ದರು. ಬಲಗಡೆ ಹೆಸರುಗಳು ಮುಗಿದ ಮೇಲೂ ಎಡಗಡೆ ಹನ್ನೊಂದು ಉಳಿದವು. ಮತ್ತೆ ಎಣಿಸಿದೆ. ಹನ್ನೊಂದೇ. ಒಬ್ಬರಿಗೆ ಇಬ್ಬರನ್ನು ಒಪ್ಪಿಸುವಂತಿಲ್ಲ. ಒಬ್ಬರಿಗೆ ಬೆಲ್ಟು ಹಾಕುವಷ್ಟರಲ್ಲಿ ಇನ್ನೊಬ್ಬರು ಕೆಳಗಿಳಿದಿರುತ್ತಾರೆ. ಆ ನಿಯಮವನ್ನೂ ಮಾಡಿದವಳು ನಾನೇ. ಉಳಿದ ಹನ್ನೊಂದರಲ್ಲಿ, ಬೆಳಿಗ್ಗೆ ಸಭೆಯಲ್ಲಿ 'ಕೈ ಹಿಡಿಯುವವರು ಯಾರು' ಎಂದು ಕೇಳಿದ ತಂದೆಯ ಮಗಳೂ ಇದ್ದಳು.

ಫೋನ್ ತೆಗೆದುಕೊಂಡು ವಿಜ್ಞಾನದ ಟೀಚರಿಗೆ ಬರೆದೆ, ಅಳಿಸಿದೆ, ಮತ್ತೆ ಬರೆದೆ. "ಏಪ್ರಿಲ್‌ನಿಂದ ಒಂದು ನಲವತ್ತಕ್ಕೆ ಹನ್ನೊಂದು ಮಕ್ಕಳು ಬೇಕು. ನಿಮ್ಮವರು." ಕೊನೆಯ ಶಬ್ದವನ್ನು ಒಲ್ಲದ ಮನಸ್ಸಿನಿಂದಲೇ ಕಳಿಸಿದೆ.

ಚಹಾಕ್ಕೆ ಇಟ್ಟ ನೀರು ಕಾಯುವ ಮೊದಲೇ ಉತ್ತರ ಬಂತು. "ಖಂಡಿತ ಟೀಚರ್. ಎತ್ತರದವರು ಬೇಕಾ, ಜೋರಿನವರು ಬೇಕಾ?"

ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. "ತಡ ಮಾಡದವರು," ಎಂದು ಬರೆದೆ.

ಕಿವಿ ಹಿಡಿದುಕೊಂಡ ಒಂದು ಚಿತ್ರ ಕಳಿಸಿದಳು.

ಬಲಗಡೆಯ ಹನ್ನೊಂದು ಜಾಗಗಳನ್ನು ಆಕೆ ತುಂಬಲೆಂದು ಖಾಲಿ ಬಿಟ್ಟೆ. ಎರಡು ಪ್ರತಿ ಮುದ್ರಿಸಿ, ತೂತು ಹೊಡೆದು, ಒಂದನ್ನು ನನ್ನ ಫೈಲಿಗೆ ಸೇರಿಸಿದೆ. ಇನ್ನೊಂದನ್ನು ಲಕೋಟೆಯಲ್ಲಿಟ್ಟು, ಮೇಲೆ 'ಮುಖ್ಯಸ್ಥೆ, ಮಿಡ್ಲ್ ಸ್ಕೂಲ್' ಎಂದು ಬರೆದು, ಸೋಮವಾರದ ಚೀಲದೊಳಗೆ ಹಾಕಿದೆ. ಆಗ ನಾಲ್ಕೂ ಕಾಲು.