ಮುಕ್ಕಾಲು ಗಂಟೆ ತಡ

ಸಕ್ಕರೆ ಕಾಯಿಲೆ ಬಂದ ಮೇಲೂ ನಾನು ಬಸ್ಸು ಓಡಿಸುತ್ತಿದ್ದೇನೆ. ಒಂದು ದಿನ ಮುರುಗಮಲ್ಲದಿಂದ ಚಿಂತಾಮಣಿಗೆ ಬರುವಾಗ ಸ್ಟೇರಿಂಗ್ ಹಿಡಿದ ಕೈ ನಡುಗಿ ಮೈಯೆಲ್ಲ ಬೆವರಿತು. ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ತೀರಾ ಇಳಿದಿತ್ತು. ಗ್ಲೂಕೋಸ್ ತಿಂದು, ಡಾಕ್ಟರು ಹೇಳಿದ್ದಂತೆ ಮುಕ್ಕಾಲು ಗಂಟೆ ಕಾದು, ಮತ್ತೆ ಪರೀಕ್ಷಿಸಿಕೊಂಡೇ ಹೊರಟೆ. ಪ್ರಯಾಣಿಕರು ಯಾರೂ ಗೊಣಗಲಿಲ್ಲ. "ನಿಧಾನಕ್ಕೇ ಹೋಗಣ ಕಣಪ್ಪ" ಎಂದಳು ಮುಂದಿನ ಸೀಟಿನ ಅಜ್ಜಿ.

ಡಿಪೋದಲ್ಲಿ ಸಾಹೇಬರು ಎಲ್ಲರೆದುರಿಗೆ, "ಕಾಯಿಲೆಯೋರು ಮನೇಲಿರ್ಬೇಕು" ಎಂದು ತಡವಾದದ್ದಕ್ಕೆ ಮೆಮೊ ಕೊಟ್ಟರು.

ನನ್ನ ಮೈ ಉರಿದುಹೋಯಿತು. "ನಿಲ್ಲಿಸ್ದೇನೆ ಬಸ್ಸನ್ನ ಕೆರೆಗೆ ಬಿಟ್ಟಿದ್ರೆ ಟೈಮಿಗೆ ಬರ್ತಿತ್ತಾ ಸಾರ್?" ಎಂದೆ.

"ಮುಂದೆಯೂ ನಿಲ್ಲಿಸುತ್ತೇನೆ" ಎಂದೇ ಮೆಮೊಗೆ ಉತ್ತರ ಬರೆದು, ಡಾಕ್ಟರ ಚೀಟಿಯನ್ನೂ ಜೊತೆಗಿಟ್ಟು ಕೊಟ್ಟೆ. ಚೀಟಿ ನೋಡಿ ಸಾಹೇಬರು ಮೆಮೊ ರದ್ದು ಮಾಡಿದರು. ಎಲ್ಲರೆದುರಿಗೆ ನನಗೆ ಅಂದ ಆ ಮಾತಿಗೆ ಮಾತ್ರ ಅವರು ಕ್ಷಮೆ ಕೇಳಲಿಲ್ಲ. ನನ್ನ ಸಿಟ್ಟೂ ಇಳಿದಿಲ್ಲ.